ಒಂದೇ ಕರೆನ್ಸಿ: ನಷ್ಟ ಹೊರುವವರು ಯಾರು?

ಮಾನ್ಯ ಸಂಪಾದಕರೇ,

ಡಾಲರ್ ಎದುರು ರೂಪಾಯಿ ಕುಸಿದಾಗಲೆಲ್ಲ, ಇಡೀ ಜಗತ್ತಿಗೆ ಒಂದೇ ಕರೆನ್ಸಿ ಇದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ ಎಂಬ ಮಾತು ಕೇಳಿಬರುತ್ತದೆ. ವಿನಿಮಯದ ಕಮಿಷನ್ ಉಳಿಯುತ್ತದೆ, ರಫ್ತುದಾರರಿಗೆ ದರದ ಏರಿಳಿತದ ಭಯ ತಪ್ಪುತ್ತದೆ ಎಂಬುದೇನೋ ನಿಜ. ಆದರೆ ಇನ್ನೊಬ್ಬರ ಕೈಯಲ್ಲಿರುವ ಹಣವನ್ನು ಬಳಸುವುದೆಂದರೆ ಏನೆಂಬುದು ಕೊಲ್ಲಿಯ ಜನರಿಗೆ ನಮ್ಮ ರೂಪಾಯಿಯಿಂದಲೇ ತಿಳಿದಿತ್ತು.

ಕುವೈತ್, ಬಹರೇನ್, ಕತಾರ್, ದುಬೈಗಳಲ್ಲಿ ಒಂದು ಕಾಲಕ್ಕೆ ಭಾರತದ ರೂಪಾಯಿಯೇ ಚಲಾವಣೆಯಲ್ಲಿತ್ತು. ಚಿನ್ನದ ಕಳ್ಳಸಾಗಣೆಯಿಂದ ನಮ್ಮ ವಿದೇಶಿ ವಿನಿಮಯ ಸೋರಿಹೋಗುತ್ತಿದ್ದ ಕಾರಣ 1959ರಲ್ಲಿ ರಿಸರ್ವ್ ಬ್ಯಾಂಕ್ ಅಲ್ಲಿಗೆಂದೇ ಬೇರೆ ಬಣ್ಣದ ನೋಟುಗಳನ್ನು ಹೊರತಂದಿತು. 1966ರ ಜೂನ್‌ನಲ್ಲಿ ದೆಹಲಿ ತನ್ನ ಕಷ್ಟಕ್ಕೆ ರೂಪಾಯಿಯನ್ನು ಅಪಮೌಲ್ಯಗೊಳಿಸಿ, ಡಾಲರಿಗೆ 4.76 ಇದ್ದ ದರವನ್ನು 7.50ಕ್ಕೆ ಒಯ್ದಾಗ, ಆ ತೀರ್ಮಾನದಲ್ಲಿ ಯಾವ ಪಾತ್ರವೂ ಇಲ್ಲದ ಅಲ್ಲಿನ ವ್ಯಾಪಾರಿಗಳ ಉಳಿತಾಯವೂ ರಾತ್ರೋರಾತ್ರಿ ಕರಗಿತು. ಕುವೈತ್ ಮತ್ತು ಬಹರೇನ್ ಅದಕ್ಕೂ ಮೊದಲೇ ಸ್ವಂತ ದಿನಾರ್ ಮಾಡಿಕೊಂಡಿದ್ದವು. ಕತಾರ್, ದುಬೈಗಳು ಅದೇ ವರ್ಷ ರೂಪಾಯಿಯನ್ನು ಕೈಬಿಟ್ಟವು. ಇಂದು ನಮ್ಮ ಕರಾವಳಿಯ ಮನೆಗಳು ಅದೇ ದುಬೈಯ ದಿರ್ಹಮ್ ದರವನ್ನು ವಿಚಾರಿಸುತ್ತಿರುವುದು ಬೇರೆ ಮಾತು.

ಹಲವು ದೇಶಗಳು ಒಂದೇ ಕರೆನ್ಸಿ ಬಳಸುವ ಯೂರೊ ವಲಯದಲ್ಲಿ ಗ್ರೀಸ್ ಅನುಭವಿಸಿದ್ದು ಇದರ ಇನ್ನೊಂದು ಮುಖ. 1991ರ ಜುಲೈನಲ್ಲಿ ಭಾರತ ಎರಡು ಬಾರಿ ರೂಪಾಯಿಯ ಬೆಲೆ ಇಳಿಸಿ, ನಮ್ಮ ಸರಕು ಹೊರಗಿನವರಿಗೆ ಅಗ್ಗವಾಗುವಂತೆ ಮಾಡಿ ರಫ್ತಿಗೆ ದಾರಿ ಮಾಡಿಕೊಂಡಿತು. 2010ರಲ್ಲಿ ಸಾಲದಲ್ಲಿ ಮುಳುಗಿದ ಗ್ರೀಸ್‌ಗೆ ಇಳಿಸಲು ಸ್ವಂತ ಕರೆನ್ಸಿಯೇ ಇರಲಿಲ್ಲವಾದ್ದರಿಂದ ಸಂಬಳ, ಪಿಂಚಣಿಗಳನ್ನೇ ಇಳಿಸಬೇಕಾಯಿತು. 2015ರಲ್ಲಿ ಎಟಿಎಂನಿಂದ ದಿನಕ್ಕೆ 60 ಯೂರೊಗಿಂತ ಹೆಚ್ಚು ತೆಗೆಯುವಂತಿರಲಿಲ್ಲ.

ಭಾರತದಂಥ ವೈವಿಧ್ಯಮಯ ದೇಶದಲ್ಲಿ ಒಂದೇ ರೂಪಾಯಿ ನಡೆಯುತ್ತಿರುವುದಕ್ಕೆ ಮುಖ್ಯ ಕಾರಣ, ಕಷ್ಟದಲ್ಲಿರುವ ರಾಜ್ಯ ತಾನೇ ಹಣದ ಬೆಲೆ ಇಳಿಸಲಾರದಿದ್ದರೂ, ಬೆಂಗಳೂರಿನಲ್ಲಿ ಸಂಗ್ರಹವಾದ ತೆರಿಗೆ ಬಿಹಾರಕ್ಕೂ ಹೋಗುತ್ತದೆ ಎಂಬುದು. ಅದನ್ನೂ ನಾವು ಸುಮ್ಮನೆ ಒಪ್ಪಿಕೊಂಡಿಲ್ಲ. ರಾಜ್ಯಗಳಿಗೆ ಹಂಚುವ ಕೇಂದ್ರ ತೆರಿಗೆಯಲ್ಲಿ ಕರ್ನಾಟಕಕ್ಕಿದ್ದ ಶೇ 4.713ರ ಪಾಲನ್ನು 15ನೇ ಹಣಕಾಸು ಆಯೋಗ ಶೇ 3.647ಕ್ಕೆ ಇಳಿಸಿದಾಗ ಎದ್ದ ಕೂಗು ಇನ್ನೂ ಅಡಗಿಲ್ಲ. ಒಂದೇ ದೇಶದೊಳಗೆ ಇಷ್ಟು ತಕರಾರಿರುವಾಗ, ಜಾಂಬಿಯಾದ ಬರಕ್ಕೆ ಜರ್ಮನಿಯ ತೆರಿಗೆದಾರರು ವರ್ಷ ವರ್ಷವೂ ಪಾಲು ಕೊಡಲು ಒಪ್ಪುತ್ತಾರೆಂದು ನನಗೆ ಅನ್ನಿಸುವುದಿಲ್ಲ.

ಹಣ ಕಳಿಸುವ ಖರ್ಚು ಮತ್ತು ವಿಳಂಬದ ಬಗ್ಗೆಯೇ ದೂರು ಇದ್ದರೆ ಅದಕ್ಕೆ ಕರೆನ್ಸಿಗಳನ್ನು ಬೆರೆಸುವ ಅಗತ್ಯವಿಲ್ಲ. 2023ರಲ್ಲಿ ನಮ್ಮ ಯುಪಿಐ ಅನ್ನು ಸಿಂಗಪುರದ ಅಂಥದೇ ಪಾವತಿ ವ್ಯವಸ್ಥೆಯಾದ ಪೇನೌ ಜೊತೆ ಜೋಡಿಸಲಾಗಿದ್ದು, ಎರಡೂ ದೇಶಗಳ ಹಣ ತಮ್ಮ ತಮ್ಮ ಕೇಂದ್ರ ಬ್ಯಾಂಕುಗಳ ಕೈಯಲ್ಲೇ ಉಳಿದಿದೆ. ಇಂಥ ಜೋಡಣೆಯನ್ನು, ನಮ್ಮವರು ದುಡಿಯುತ್ತಿರುವ ಎಲ್ಲ ದೇಶಗಳಿಗೂ ವಿಸ್ತರಿಸಲು ರಿಸರ್ವ್ ಬ್ಯಾಂಕ್ ಕ್ರಮ ಕೈಗೊಳ್ಳಲಿ.

– ನಿವೃತ್ತ ಬ್ಯಾಂಕ್ ನೌಕರ, ಮಂಗಳೂರು