ಅವಳ ಹೆಸರು ಮೊದಲು ಬರೆಸು

ಬದಿಯಡ್ಕ

ಪ್ರೀತಿಯ ಮಗಳೇ,

ದೊಡ್ಡಮ್ಮನ ಆಶೀರ್ವಾದಗಳು. ನಾವೆಲ್ಲ ಕ್ಷೇಮ. ನಿನ್ನ ಫೋನು ಬಂದ ಮೇಲೆ ಎರಡು ರಾತ್ರಿ ನಿದ್ದೆ ಹತ್ತಲಿಲ್ಲ. ಕಿಬ್ಬೊಟ್ಟೆ ನೋವೆಂದು ಮಂಗಳೂರಿಗೆ ಹೋದವಳು ಪರೀಕ್ಷೆ ಮಾಡಿಸದೆ ಚೀಟಿ ಮಡಚಿಕೊಂಡು ಬಸ್ಸು ಹತ್ತಿ ಬಂದೆ. "ಮದುವೆಯಾಗಿದೆಯಾ?" ಎಂದು ಕೇಳಿದರಂತೆ. ಇಲ್ಲ ಎಂದದ್ದಕ್ಕೆ "ಹಾಗಾದರೆ ಒಳಗಿನ ಸ್ಕ್ಯಾನ್ ಬೇಡ" ಎಂದರಂತೆ. ನಿನ್ನ ಸಂಗಾತಿಯನ್ನು, ಆ ಹುಡುಗಿಯನ್ನು, ಹೊರಗೆ ಕೂರಿಸಿದರಂತೆ.

ಮೂವತ್ತು ವರ್ಷ ನರ್ಸ್ ಆಗಿದ್ದವಳು ನಾನು. ಒಂದು ವಿಷಯ ಈವರೆಗೆ ಯಾರಿಗೂ ಹೇಳಿಲ್ಲ. ಒಬ್ಬಾಕೆ ಫ್ಲಾಸ್ಕಿನಲ್ಲಿ ಗಂಜಿತಿಳಿ ತಂದು ಐಸಿಯು ಬಾಗಿಲಲ್ಲಿ ನಿಂತಿದ್ದಳು. "ಒಳಗಿರುವವರು ನಿಮಗೆ ಏನಾಗಬೇಕು?" ಎಂದೆ. "ಒಟ್ಟಿಗಿರುವವರು" ಎಂದಳು. "ಮನೆಯವರಿಗೆ ಮಾತ್ರ ಪಾಸು" ಎಂದು ಕಳಿಸಿದೆ. ಡ್ಯೂಟಿ ಮುಗಿಸಿ ಹೊರಡುವಾಗಲೂ ಮೆಟ್ಟಿಲಲ್ಲಿ ಕೂತಿದ್ದಳು. ಫ್ಲಾಸ್ಕ್ ಮಡಿಲಲ್ಲೇ ಇತ್ತು. ಅದು ನಾನು ಮಾಡಿದ ತಪ್ಪು ಮಗಳೇ.

ಆದ್ದರಿಂದ ಹೇಳುತ್ತೇನೆ, ಆಸ್ಪತ್ರೆ ಬಿಡಬೇಡ. ಅವರು ಮರ್ಯಾದೆ ಕೊಡದಿದ್ದರೆ ಬೇರೆ ಡಾಕ್ಟರ ಹತ್ತಿರ ಹೋಗುವ. "ಮದುವೆಯಾಗಿಲ್ಲ, ಸಂಗಾತಿ ಇದ್ದಾಳೆ" ಎಂದು ನೇರ ಹೇಳು. ಒಳಪರೀಕ್ಷೆ ಬೇಕೋ ಬೇಡವೋ ಎಂಬುದು ನೋವು ನೋಡಿ, ನಿನ್ನನ್ನು ಕೇಳಿ ತೀರ್ಮಾನವಾಗಬೇಕು, ತಾಳಿ ನೋಡಿ ಅಲ್ಲ. ಗಂಡಸಿನ ಸಂಗವಿಲ್ಲದವರಿಗೆ ಗರ್ಭಕಂಠದ ಕ್ಯಾನ್ಸರ್ ಬಾರದೆಂದು ನಮ್ಮ ಕಾಲದಲ್ಲಿ ನಂಬಿದ್ದೆವು. ಅದು ಸರಿಯಲ್ಲ. ಅದಕ್ಕೆ ಕಾರಣವಾಗುವ ಎಚ್‌ಪಿವಿ ವೈರಸ್ ಚರ್ಮ ತಾಗಿಯೂ ಹರಡುತ್ತದೆ, ಹೆಣ್ಣಿನಿಂದ ಹೆಣ್ಣಿಗೂ. ನಿನಗೆ 31 ಆಯಿತು. 30 ದಾಟಿದ ಮೇಲೆ ಅದರ ತಪಾಸಣೆ ಬೇಕೇ ಬೇಕು, ಇಬ್ಬರೂ ಮಾಡಿಸಿಕೊಳ್ಳಿ.

ನಿನ್ನಮ್ಮ "ಕೌನ್ಸೆಲಿಂಗ್ ಮಾಡಿಸಿದರೆ ಸರಿಯಾಗುತ್ತಾಳೆ" ಎನ್ನುತ್ತಿದ್ದಾಳೆ. ಸರಿಮಾಡಲು ಅಲ್ಲಿ ಕಾಯಿಲೆಯೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ರೋಗಗಳ ಪಟ್ಟಿಯಿಂದ ಸಲಿಂಗ ಪ್ರೀತಿಯನ್ನು ತೆಗೆದಿದೆ. ಹಾಗೆ ಬದಲಿಸುತ್ತೇನೆನ್ನುವ ಡಾಕ್ಟರದ್ದು ವೃತ್ತಿ ದುರ್ನಡತೆ ಎಂದು 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವೂ ಹೇಳಿದೆ. ನಿನ್ನಮ್ಮನೊಡನೆ ನಾನು ಮಾತಾಡುತ್ತೇನೆ, ನೀನು ಜಗಳಕ್ಕೆ ಹೋಗಬೇಡ.

ಇನ್ನು ಕಾಗದದ ವಿಷಯ. 2023ರಲ್ಲಿ ಸುಪ್ರೀಂ ಕೋರ್ಟು ನಿಮ್ಮಂಥವರ ಮದುವೆಗೆ ಮಾನ್ಯತೆ ಕೊಡಲಿಲ್ಲ. ಹಾಗಾಗಿ ನಿನಗೆ ಪ್ರಜ್ಞೆ ತಪ್ಪಿದರೆ ನಿನ್ನ ಸಂಗಾತಿಯ ಸಹಿಗೆ ಆಸ್ಪತ್ರೆಯವರು ತಕರಾರು ತೆಗೆದಾರು. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ, ಆ ಚಿಕಿತ್ಸೆಯ ಮಟ್ಟಿಗೆ, ನಿನ್ನ ಪ್ರತಿನಿಧಿ ಇವಳೇ ಎಂದು ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಲು ಅವಕಾಶ ಉಂಟು. ಇಬ್ಬರೂ ಬರೆದಿಡಿ. ಉಳಿದ ಕಡೆ ಬೈಸ್ಟ್ಯಾಂಡರ್, ಅಂದರೆ ರೋಗಿಯ ಜೊತೆಗಿರುವವರ, ಕಾಲಮ್ಮಿನಲ್ಲಿ ಅವಳ ಹೆಸರು ಮೊದಲು ಬರೆಸು, ಕೆಳಗೆ ನನ್ನದು. ರಕ್ತಸಂಬಂಧಿಯೇ ಬೇಕೆಂದರೆ ಯಾವ ಹೊತ್ತಿಗೂ ನಾನು ಬರುತ್ತೇನೆ.

ಬುಧವಾರ ಬೆಳಿಗ್ಗೆ ಎಂಟೂವರೆಗೆ ಕುಂಬಳೆ ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ಅವಳನ್ನೂ ಕರೆದುಕೊಂಡು ಬಾ. ಆ ಚೀಟಿ ತರಲು ಮರೆಯಬೇಡ.

ನಿನ್ನ ದೊಡ್ಡಮ್ಮ