ಬುಧವಾರ ರಿಜಿಸ್ಟ್ರೇಷನ್‌ಗೆ ಹೋಗುವ ಮುಂಚೆ

ಪ್ರೀತಿಯ ಕಿಟ್ಟಿ,

ಬುಧವಾರ ಫ್ಲಾಟ್ ರಿಜಿಸ್ಟ್ರೇಷನ್ ಅಂದೆಯಲ್ಲ, ಎಷ್ಟು ಖುಷಿಯಾಯಿತು ಗೊತ್ತಾ? 'ಅವತ್ತು ಏನೇನಾಗುತ್ತೆ ಹೇಳೋ' ಅಂತ ಕೇಳಿದೆ. ಬೇರೆಯವರಿಗೂ ಉಪಯೋಗವಾಗಲಿ ಅಂತ ಇಲ್ಲೇ ಬರೆಯುತ್ತಿದ್ದೇನೆ.

ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಈಗ ಕೆಲಸ ಕಡಿಮೆ. ಕ್ರಯಪತ್ರ ಕಾವೇರಿ 2.0 ಅನ್ನೋ ಸರ್ಕಾರದ ನೋಂದಣಿ ವೆಬ್‌ಸೈಟಿನಲ್ಲಿ ಮೊದಲೇ ಹೋಗಿ, ದುಡ್ಡೂ ಕಟ್ಟಿ ಆಗಿರುತ್ತದೆ. ಫ್ಲಾಟಿನ ಬೆಲೆ 45 ಲಕ್ಷ ದಾಟಿದರೆ ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು, ಸರ್ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2 ಆಗಿದೆ, ಹಳೇ ಶೇ 1ರ ಲೆಕ್ಕ ಹಿಡಿಯಬೇಡ. ಬೆಲೆ 50 ಲಕ್ಷವೋ ಜಾಸ್ತಿಯೋ ಇದ್ದರೆ ಶೇ 1 ಟಿಡಿಎಸ್ (ಮೂಲದಲ್ಲೇ ಹಿಡಿಯುವ ಆದಾಯ ತೆರಿಗೆ) ಹಿಡಿದು ಮಿಕ್ಕಿದ್ದನ್ನು ಮಾರುವವರಿಗೆ ಕೊಡಬೇಕು. ಆಧಾರ್, ಪ್ಯಾನ್ ಒರಿಜಿನಲ್ ಇರಲಿ. ಸಾಕ್ಷಿಗೆ ಇಬ್ಬರು. ಡಿಡಿ ಕೊಡುವ ಮುಂಚೆ ಜೆರಾಕ್ಸ್ ತೆಗೆಸಿಕೋ. ಸಾಲ ಮಾಡಿದ್ದೀಯಲ್ಲ, ಬ್ಯಾಂಕಿನವರೂ ಬರುತ್ತಾರೆ. ಒರಿಜಿನಲ್ ಪತ್ರ ಅವರ ಬ್ಯಾಗಿಗೆ ಹೋಗುತ್ತದೆ, ನಿನಗೆ ಪ್ರತಿ.

ಆಮೇಲೆ ಕ್ಯಾಮೆರಾ ಮುಂದೆ ಕೂರಿಸಿ ಫೋಟೊ, ಹೆಬ್ಬೆಟ್ಟು. ನನಗೆ ಕಷ್ಟವಾಗಿದ್ದು ಅಲ್ಲೇ ಕಣೋ.

ನಮಗೆ ಮನೆ ಮಾರಿದವರು ಎಪ್ಪತ್ತು ದಾಟಿದ ಅಜ್ಜಿ. ಬೆರಳಿನ ಗೆರೆ ಸವೆದುಹೋಗಿತ್ತು. ಮೆಷಿನ್ ಎರಡು ಸಲ ತೆಗೆದುಕೊಳ್ಳಲಿಲ್ಲ. ಸೆರಗಿಗೆ ಬೆರಳು ಒರೆಸಿಕೊಂಡು ಮೂರನೇ ಸಲ ಒತ್ತಿದರು. ಹೊರಗೆ ಬಂದು ಬೀಗದ ಕೈ ಕೊಡುತ್ತಾ, 'ಬಚ್ಚಲ ಬಾಗಿಲು ಮಳೆಗಾಲದಲ್ಲಿ ಉಬ್ಬುತ್ತಪ್ಪ, ಸ್ವಲ್ಪ ಎತ್ತಿ ತಳ್ಳಬೇಕು' ಅಂದರು.

ನನಗೆ ಅಪ್ಪ ಕಣ್ಮುಂದೆ ಬಂದರು. ಈ ಮನೆಗೋಸ್ಕರ ಅವರು ತಿಪಟೂರಿನ ತೆಂಗಿನ ತೋಟ ಮಾರಿದ್ದು ನಿನಗೆ ಗೊತ್ತು. ಅವತ್ತು ನಾನೂ ಜೊತೆಗಿದ್ದೆ ಅಂದಿದ್ದೆ. ಹೋಗಿದ್ದು ನಿಜ. ಆದರೆ ಒಳಗೆ ಹೋಗಲಿಲ್ಲ. ಹೊರಗೆ ಬೈಕ್ ಮೇಲೆ ಕೂತು, ಫೋನಿನಲ್ಲಿ ಅಡುಗೆಮನೆಗೆ ಟೈಲ್ಸ್ ನೋಡುತ್ತಿದ್ದೆ. ಅಪ್ಪ ಬೆರಳಿನ ಇಂಕು ಒರೆಸಿಕೊಳ್ಳುತ್ತಾ ಬಂದು, 'ಆಯ್ತು, ನಡಿ, ಕಾಫಿ ಕುಡಿಯೋಣ' ಅಂದರು. ಅವರ ಮುಖ ಹೇಗಿತ್ತು ಅಂತ ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ನಾನು ನೋಡಿರಲೇ ಇಲ್ಲ.

ಇದನ್ನು ಮನೆಯಲ್ಲೂ ಯಾರಿಗೂ ಹೇಳಿಲ್ಲ. ಇರಲಿ ಬಿಡು, ಎಲ್ಲಿಂದ ಎಲ್ಲಿಗೋ ಹೋದೆ.

ಕೆಲವು ದಿನ ಬಿಟ್ಟು ಇಸಿ, ಅಂದರೆ ಆಸ್ತಿಯ ಋಣಭಾರ ಪತ್ರ, ತೆಗೆಸಿ ನಿನ್ನ ಹೆಸರು ಬಂದಿದೆಯಾ ನೋಡು. ಇ-ಖಾತೆ (ಆಸ್ತಿಯ ಆನ್‌ಲೈನ್ ಖಾತೆ ದಾಖಲೆ) ನಿನ್ನ ಹೆಸರಿಗೆ ಆಗುವವರೆಗೂ ಬಿಡಬೇಡ. ಬುಧವಾರ ತಿಂಡಿ ತಿಂದೇ ಹೊರಡು. ಒಬ್ಬ ಸಾಕ್ಷಿ ನಾನು, ರಜೆ ಹಾಕಿದ್ದೇನೆ.

ನಿನ್ನ,
ಸೀನ