ಕಲ್ಲು ನೆಟ್ಟ ಮಾತ್ರಕ್ಕೆ ಮನೆ ಹೋಗಲ್ಲ

ಪೆನ್ರಿತ್, ಇಂಗ್ಲೆಂಡ್
ಭಾನುವಾರ

ಪ್ರೀತಿಯ ಅಮ್ಮನಿಗೆ ನಮಸ್ಕಾರಗಳು.

ನಾನು ಇಲ್ಲಿ ಆರಾಮ. ಚಳಿ ಇದೆ, ಸ್ವೆಟರ್ ಹಾಕುತ್ತಿದ್ದೇನೆ, ಊಟವೂ ಆಗುತ್ತಿದೆ.

ನಿನ್ನ ಪತ್ರ ಬಂತು. ಹೆದ್ದಾರಿಯವರು ತೋಟದಂಚಿಗೆ ಸರ್ವೆ ಕಲ್ಲು ನೆಟ್ಟು ಹೋದಾಗಿನಿಂದ ಅಪ್ಪಯ್ಯ ಅರ್ಧ ಊಟಕ್ಕೇ ಏಳುತ್ತಾರೆ, ರಾತ್ರಿಯೆಲ್ಲ ಜಗಲಿ ಮೇಲೆ ಕೂತಿರುತ್ತಾರೆ ಅಂತ ಬರೆದಿದ್ದೀಯ. ಬಿಪಿ ಮಾತ್ರೆಯ ಸುದ್ದಿಯೇ ಎತ್ತಿಲ್ಲ. ಬಿಟ್ಟುಬಿಟ್ಟಿದ್ದಾರೆ, ಅಲ್ವಾ? ಫೋನಿನಲ್ಲಿ ರಘು ಮಾತು ತೇಲಿಸಿದಾಗಲೇ ಅನುಮಾನ ಬಂತು.

ಇನ್ನು ಮುಂದಿನದನ್ನು ಅಪ್ಪಯ್ಯನಿಗೆ ಓದಿ ಹೇಳು. ಮೊನ್ನೆ ರಜೆಗೆ ನನ್ನ ಜೊತೆ ಡ್ಯೂಟಿ ಮಾಡುವ ಹುಡುಗಿ ಕ್ರಾಸ್ಬಿ ರೇವನ್ಸ್‌ವರ್ತ್ ಅನ್ನೋ ಹಳ್ಳಿಯ ಮೇಲಿನ ಗುಡ್ಡಕ್ಕೆ ಕರೆದುಕೊಂಡು ಹೋಗಿದ್ದಳು. ಯೂ ಕ್ಲೋಸ್ ಅಂತ ಜಾಗ, ರೋಮನ್ನರು ಈ ದೇಶ ಆಳುತ್ತಿದ್ದ ಕಾಲದ ಹಳೇ ಊರೊಂದರ ಅವಶೇಷ. ಮೊದಲು ಕಂಡದ್ದು ಬರೀ ಹುಲ್ಲು, ಸುಣ್ಣಕಲ್ಲು, ಕುರಿ. ಯಾರ ಕುರಿ ಅಂತ ಗೊತ್ತಾಗಲು ಮೈಗೆ ಬಣ್ಣ ಬಳಿದಿರುತ್ತಾರೆ, ಹೋಳಿ ಆಡಿ ಬಂದ ಹಾಗಿವೆ! ಸ್ವಲ್ಪ ಹೊತ್ತು ನಿಂತರೆ ಹುಲ್ಲಿನಡಿ ಗೋಡೆಗಳ ಬುಡ ಕಾಣುತ್ತದೆ. ದನ ಕೂಡುವ ಅಂಗಳ, ಚಿಕ್ಕ ಗುಡಿಸಲುಗಳು, ನಡುವೆ ಸುಮಾರು 50 ಅಡಿ ಅಗಲದ ಒಂದು ದುಂಡು ಮನೆ. ಗೋಡೆಯ ಕಲ್ಲಿಗೆ ಹಾವಸೆ ಹಿಡಿದಿದೆ, ಸಂದಿಯಲ್ಲಿ ಕುರಿಯ ಉಣ್ಣೆ ಸಿಕ್ಕಿಕೊಂಡಿತ್ತು. ಇಲ್ಲಿದ್ದವರು ರೋಮನ್ನರಲ್ಲ, ಈ ಗುಡ್ಡದ ರೈತರೇ.

ಪಕ್ಕದಲ್ಲೇ ರೋಮನ್ ಸೈನ್ಯದ ರಸ್ತೆ. ಲೋ ಬರೋಬ್ರಿಜ್ ಕೋಟೆಯಿಂದ ಬ್ರೂಮ್ ಕೋಟೆಗೆ ಹೋಗುತ್ತಿತ್ತು. ನೆಟ್ಟಗೆ ಹೋಗುವ ರಸ್ತೆ ಇದರ ಹತ್ತಿರ ಬಂದಾಗ ಸ್ವಲ್ಪ ವಾಲುತ್ತದೆ. ಊರು ಮೊದಲೇ ಇತ್ತು, ಅದಕ್ಕೇ ವಾಲಿದೆ ಅಂತ ತಿಳಿದವರು ಹೇಳುತ್ತಾರೆ. ಕಾಲಿಂಗ್‌ವುಡ್ ಅನ್ನುವವರು ಅಗೆದು 1908ರಲ್ಲಿ ವರದಿ ಬರೆದರು. ರೋಮನ್ ಮಡಕೆ ಚೂರುಗಳೂ ಸಿಕ್ಕವು. ಅಂದರೆ ರಸ್ತೆ ಬಂದ ಮೇಲೂ ಅವರು ಅಲ್ಲೇ ಇದ್ದರು, ಒಲೆ ಹಚ್ಚಿದರು, ಕೊಳ್ಳೋದು ಕೊಂಡರು. ರೋಮನ್ನರು ತೆರಿಗೆ ವಸೂಲಿ ಮಾಡುತ್ತಿದ್ದರು ಅನ್ನೋದನ್ನು ಮಾತ್ರ ಓದಬೇಡ, ಅಪ್ಪಯ್ಯ ಅದೊಂದನ್ನೇ ಹಿಡಿದುಕೊಳ್ಳುತ್ತಾರೆ.

ಈಗ ರಘುಗೆ ಹೇಳು. ಯಾವ ಕಾಗದಕ್ಕೂ ಸಹಿ ಬೇಡ. ರಾಷ್ಟ್ರೀಯ ಹೆದ್ದಾರಿ ಆದರೆ, ಜಾಗ ತೆಗೆದುಕೊಳ್ಳುತ್ತೇವೆ ಅಂತ ಸರ್ಕಾರ ಹೊರಡಿಸುವ 3ಎ ಅಧಿಸೂಚನೆ ಪ್ರಕಟವಾದ 21 ದಿನದೊಳಗೆ ತಕರಾರು ಕೊಡಬಹುದು. ಅದು ಬಂದಿದೆಯೋ ಇಲ್ಲವೋ ಮೊದಲು ನೋಡಲಿ. ಕಲ್ಲು ನೆಟ್ಟ ಮಾತ್ರಕ್ಕೆ ಜಾಗ ಹೋಗಲ್ಲ. ಪಹಣಿ ತೆಗೆಸಿಡಲಿ, ಫಲಕ್ಕೆ ಬಂದ ಅಡಿಕೆ ಮರ, ಬಾವಿ, ಪಂಪ್‌ಸೆಟ್ಟು ಎಲ್ಲದರ ಫೋಟೋ ತೆಗೆಯಲಿ. ಪರಿಹಾರದ ಲೆಕ್ಕಕ್ಕೆ ಅವೆಲ್ಲ ಬೇಕು. ವಕೀಲರ ದುಡ್ಡು ನಾನು ಕಳಿಸುತ್ತೇನೆ. ನನಗೇನೂ ತೊಂದರೆ ಇಲ್ಲ, ನಿಜವಾಗಿ ಇಲ್ಲ, ಓವರ್‌ಟೈಮ್ ಇದೆ.

ಅಪ್ಪಯ್ಯನಿಗೆ ಏನೂ ಆಗಲ್ಲ. ಆದರೂ ನಾಳೆಯೇ ಡಾಕ್ಟರ್ ಹತ್ತಿರ ಬಿಪಿ ನೋಡಿಸಿ, ಮೇಲಿನದು, ಕೆಳಗಿನದು ಎರಡೂ ಸಂಖ್ಯೆ ನನಗೆ ಕಳಿಸು. ಮಾತ್ರೆ ನೀನೇ ಕೈಗೆ ಕೊಟ್ಟು, ನುಂಗುವ ತನಕ ಎದುರಿಗೇ ನಿಲ್ಲು.

ಸುಮಾಳ ಸಂಬಂಧದ ವಿಷಯ ಮುಂದಿನ ಪತ್ರದಲ್ಲಿ. ಬಸ್ಸಿಗೆ ಹೊತ್ತಾಯಿತು, ರಾತ್ರಿ ಪಾಳಿ.

ನಿನ್ನ ಮಗಳು,
ವೀಣಾ